ಮದುವೆ ದಿನವೂ ಇನ್ನೂರು ರೊಟ್ಟಿ

ಒಂದು ಖಡಕ್ ರೊಟ್ಟಿಗೆ ಜೋಳದ ಹಿಟ್ಟು ಮೂರು ರೂಪಾಯಿ. ಒಲೆಯ ಖರ್ಚು ತೊಂಬತ್ತು ಪೈಸೆ. ತಟ್ಟಿ ಬೇಯಿಸಿದವಳಿಗೆ ಒಂದೂವರೆ ರೂಪಾಯಿ. ಕಟ್ಟಿ ಸಾಗಿಸಲು ನಲವತ್ತು ಪೈಸೆ. ಒಟ್ಟು ಐದು ರೂಪಾಯಿ ಎಂಬತ್ತು ಪೈಸೆ. ಹಾಸ್ಟೆಲ್ಲು, ಖಾನಾವಳಿಗಳಿಗೆ ನಾನು ಅದನ್ನು ಏಳು ರೂಪಾಯಿಗೆ ಕೊಡುತ್ತೇನೆ. ಮಿಕ್ಕ ಒಂದು ರೂಪಾಯಿ ಇಪ್ಪತ್ತು ಪೈಸೆಯಲ್ಲಿ ಕೆ.ಬಿ. ಬಡಾವಣೆಯ ಶೆಡ್ಡಿನ ಬಾಡಿಗೆ, ಕರೆಂಟು, ಮುರಿದ ರೊಟ್ಟಿ, ಮೂರು ತಿಂಗಳು ತಡವಾಗಿ ಬರುವ ಹಾಸ್ಟೆಲ್ಲಿನ ಬಿಲ್ಲು ಎಲ್ಲ ಕಳೆದು ಉಳಿದರೆ ಅದು ನನ್ನದು.

ಒಂದೂವರೆ ವರ್ಷದ ಹಿಂದೆ ಇದಕ್ಕೆ ಇನ್ನೊಂದು ಖರ್ಚು ಸೇರಿತು. ರೊಟ್ಟಿಗೆ ಏಳು ಪೈಸೆ, ಆರೋಗ್ಯ ವಿಮೆಗೆ.

ಎಂ.ಸಿ.ಸಿ. ಬಿ ಬ್ಲಾಕಿನ ನಾಗಭೂಷಣ್ ಎಂಬ ವಿಮೆ ಏಜೆಂಟ್ ಬಂದು, ಹೆಂಗಸು, ಗಂಡ, ಇಬ್ಬರು ಮಕ್ಕಳು ಸೇರಿ ಒಂದು ಮನೆಗೆ ವರ್ಷಕ್ಕೆ ನಾಲ್ಕು ಸಾವಿರದ ಇನ್ನೂರು, ಒಂದು ಲಕ್ಷದವರೆಗೆ ಆಸ್ಪತ್ರೆ ಖರ್ಚು ಕಂಪನಿಯದು ಎಂದಾಗ ನಮ್ಮ ಹದಿನೆಂಟು ಹೆಂಗಸರ ಮುಖ ಬಾಡಿತು. ನಾಲ್ಕು ಸಾವಿರ ಎಂದರೆ ಎರಡು ವಾರದ ಕೂಲಿ. ನಾನು ಮರುದಿನ ಅದನ್ನು ರೊಟ್ಟಿಯ ಲೆಕ್ಕಕ್ಕೆ ಇಳಿಸಿದೆ. ತಲೆಗೆ ದಿನಕ್ಕೆ ಇನ್ನೂರು ರೊಟ್ಟಿ. ಸೋಮವಾರ ರಜೆ, ಹಬ್ಬ ಹುಣ್ಣಿಮೆ ಕಳೆದು ವರ್ಷಕ್ಕೆ ಮುನ್ನೂರು ದಿನ. ಒಬ್ಬಳ ಕೈಯಿಂದ ಅರವತ್ತು ಸಾವಿರ ರೊಟ್ಟಿ. ರೊಟ್ಟಿಗೆ ಏಳು ಪೈಸೆ ಬಿತ್ತು. ನಾಲ್ಕು ಪೈಸೆ ನಾನು ಹಾಕುತ್ತೇನೆ, ಮೂರು ಪೈಸೆ ನಿಮ್ಮದು ಎಂದೆ.

"ಏಳು ಪೈಸೆ ಈಗ ಎಲ್ಲಿ ಸಿಗ್ತೈತ್ರಿ ಅಕ್ಕಾ?" ಎಂದಳು ಖತೀಜಾಬೀ. ನಮ್ಮಲ್ಲಿ ಎಲ್ಲರಿಗಿಂತ ಹಳಬಳು, ಬಾಯಿಯೂ ಎಲ್ಲರಿಗಿಂತ ದೊಡ್ಡದು. "ಸಿಕ್ರೆ ಒಂದು ತೋರಿಸ್ರಿ. ನೋಡಿ ಭಾಳ ದಿನ ಆತು."

ಎಲ್ಲರೂ ನಕ್ಕರು, ಎಲ್ಲರೂ ಸಹಿ ಹಾಕಿದರು. ಹದಿನೆಂಟು ಮನೆಗೆ ಪಾಲಿಸಿ ಆಯಿತು.

ನಮ್ಮ ಶೆಡ್ಡಿನಲ್ಲಿ ಒಂದು ರೂಢಿ ಇದೆ. ಅದನ್ನು ಮಾಡಿದ್ದು ನಾನಲ್ಲ, ಖತೀಜಾಬೀ. ಹನ್ನೊಂದು ವರ್ಷದ ಹಿಂದೆ, ಇನ್ನೂ ಒಂಬತ್ತೇ ಒಲೆ ಇದ್ದಾಗ, ಒಬ್ಬ ಹೆಂಗಸು ಜ್ವರದಲ್ಲೇ ಬಂದು ಒಲೆಯ ಮುಂದೆ ಕುಳಿತಿದ್ದಳು. ಮನೆಗೆ ಹೋದರೆ ಆ ದಿನದ ಕೂಲಿ ಹೋಗುತ್ತದೆ. ಖತೀಜಾಬೀ ಎದ್ದು ಬಂದು ಅವಳ ಮುಂದಿನ ಹಿಟ್ಟಿನ ಪರಾತವನ್ನೇ ತನ್ನ ಕಡೆ ಎಳೆದುಕೊಂಡು, "ನೀ ಹೋಗಿ ಮಲಕ್ಕ. ನಿನ್ನ ಪಾಲು ನಾವು ತಟ್ತೀವಿ" ಎಂದಳು. ಅಂದಿನಿಂದ ಅದಕ್ಕೆ ಪಾಲು ತಟ್ಟುವುದು ಎಂದೇ ಹೆಸರು. ಒಬ್ಬಳು ಹಾಸಿಗೆ ಹಿಡಿದರೆ ಉಳಿದ ಹದಿನೇಳು ಜನ ತಲಾ ಹನ್ನೆರಡು ಹೆಚ್ಚು ತಟ್ಟುತ್ತಾರೆ. ಇನ್ನೂರ ನಾಲ್ಕಾಗುತ್ತದೆ. ಇನ್ನೂರು ಅವಳ ಹೆಸರಿಗೆ. ಮಿಕ್ಕ ನಾಲ್ಕನ್ನು ಹತ್ತು ಗಂಟೆಯ ಚಹಾದ ಹೊತ್ತಿಗೆ ಶೇಂಗಾ ಚಟ್ನಿಯ ಜೊತೆ ಹಂಚಿಕೊಂಡು ತಿನ್ನುತ್ತಾರೆ. ಯಾರು ಯಾರಿಗಾಗಿ ತಟ್ಟಿದರು ಎಂದು ಯಾರೂ ಹೇಳುವುದಿಲ್ಲ. ಸಂಜೆ ಪುಸ್ತಕ ಬರೆಯುವ ನಾನೂ ಕೇಳುವುದಿಲ್ಲ. ಹದಿನೆಂಟು ಹೆಸರು, ಹದಿನೆಂಟು ಇನ್ನೂರು. ಆ ಪುಸ್ತಕ ನೋಡಿಯೇ ಶನಿವಾರ ಎಲ್ಲರ ಬ್ಯಾಂಕ್ ಖಾತೆಗೆ ಕೂಲಿ ಹಾಕುತ್ತೇನೆ.

ಹೋದ ನವೆಂಬರಿನಲ್ಲಿ ಸುಂಕಲಮ್ಮನಿಗೆ ಹೊಟ್ಟೆನೋವು ಬಂತು. ಮಂಗಳವಾರ ಬೆಳಿಗ್ಗೆ ಒಲೆಯ ಮುಂದೆಯೇ ಬಗ್ಗಿ ಕುಳಿತಳು. ಅವಳ ಮಗ ಶಿವಮೂರ್ತಿ ನಮ್ಮ ರೊಟ್ಟಿ ಸಾಗಿಸುವ ಗೂಡ್ಸ್ ಆಟೋದವನು. ಅದೇ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದ. ಪಿತ್ತಕೋಶದಲ್ಲಿ ಕಲ್ಲು, ಕೀವಾಗಿದೆ, ಇವತ್ತೇ ತೆಗೆಯಬೇಕು ಎಂದರು. ಶನಿವಾರ ಮನೆಗೆ ಕಳಿಸಿದರು. ಬಿಲ್ಲು ಎಪ್ಪತ್ನಾಲ್ಕು ಸಾವಿರದ ಆರುನೂರು.

ಅವರದು ಮೊದಲು ಬಿಪಿಎಲ್ ಕಾರ್ಡೇ ಆಗಿತ್ತು. ಶಿವಮೂರ್ತಿ ಆಟೋ ಸಾಲಕ್ಕೆಂದು ಬ್ಯಾಂಕಿನವರು ಹೇಳಿದ ಹಾಗೆ ಆದಾಯ ತೆರಿಗೆ ರಿಟರ್ನ್ ಹಾಕಿದ. ಮರುವರ್ಷ ಕಾರ್ಡು ರದ್ದಾಯಿತು, ಅದರ ಜೊತೆ ಸರ್ಕಾರದ ಉಚಿತ ಚಿಕಿತ್ಸೆಯೂ ಹೋಯಿತು. ವಿಮೆಯ ದುಡ್ಡು ಮೊದಲೇ ಸಿಗಲಿಲ್ಲ. ಆಸ್ಪತ್ರೆ ಕಂಪನಿಯ ಪಟ್ಟಿಯಲ್ಲಿರಲಿಲ್ಲ, ಕಟ್ಟಿ ಆಮೇಲೆ ಕೇಳಿ ಎಂದರು. ಹುಡುಗ ಹರಿಹರದಲ್ಲಿ ಹಳೆ ಗಾಡಿ ಕೊಂಡು ಮಾರುವ ಅತೀಕ್ ಹತ್ತಿರ ಹೋಗಿ ಆಟೋವನ್ನು ಒಂದು ಲಕ್ಷದ ನಲವತ್ತಕ್ಕೆ ಮಾತಾಡಿ ಎಪ್ಪತ್ತೈದು ಸಾವಿರ ಮುಂಗಡ ತಂದ. ಅತೀಕ್ ಒಳ್ಳೆಯವನು. "ಫೆಬ್ರವರಿ ಕೊನೇವರೆಗೂ ಗಾಡಿ ನಿನ್ನ ಹತ್ರಾನೇ ಇರ್ಲಿ. ಅಷ್ಟರಾಗೆ ವಿಮೆ ರೊಕ್ಕ ಬಂದ್ರೆ ಮುಂಗಡ ವಾಪಸ್ ಕೊಡು, ಮಾತು ಮುರೀತು. ಬರ್ಲಿಲ್ಲಾಂದ್ರೆ ಕೀಲಿ ಕೊಡು" ಎಂದ.

ಆ ಐದು ದಿನವೂ ನಮ್ಮವರು ಅವಳ ಪಾಲು ತಟ್ಟಿದರು. ನಾನು ಐದು ದಿನವೂ ಇನ್ನೂರು ಎಂದು ಬರೆದೆ.

ಡಿಸೆಂಬರಿನಲ್ಲಿ ಕಂಪನಿಯಿಂದ ಸ್ವಾತಿ ಎಂಬ ಹುಡುಗಿ ವಿಚಾರಣೆಗೆ ಬಂದಳು. ಸ್ಕೂಟಿ ನಿಲ್ಲಿಸಿ, ಹೆಲ್ಮೆಟ್ಟನ್ನು ಕಂಕುಳಲ್ಲಿ ಹಿಡಿದೇ ಮಾತಾಡಿದಳು. ಸುಂಕಲಮ್ಮ ನಿಜವಾಗಿ ಇಲ್ಲಿ ಕೆಲಸ ಮಾಡುವವಳು ಎಂಬುದಕ್ಕೆ ದಾಖಲೆ ಬೇಕಂತೆ.

"ಹನ್ನೊಂದು ವರ್ಷದ್ದು ಐತಮ್ಮ, ಎಷ್ಟು ಬೇಕು?" ಎಂದು ಪುಸ್ತಕ ಮುಂದಿಟ್ಟೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. "ನೋಡು, ನಮ್ಮಲ್ಲಿ ಒಂದಿನ ಖೋತಾ ಇಲ್ಲ. ಯಾರದ್ದಾದ್ರೂ ಪುಟ ತೆಗಿ, ಇನ್ನೂರಕ್ಕೆ ಕಮ್ಮಿ ಸಿಕ್ರೆ ಹೇಳು" ಎಂದೆ. ಹುಡುಗಿ ಫೋನಿನಲ್ಲಿ ಪುಟಗಳ ಫೋಟೊ ಹಿಡಿದಳು. ಚಹಾ ಕುಡಿದಳು. ಹತ್ತು ರೊಟ್ಟಿ ಕಟ್ಟಿಕೊಟ್ಟೆ ಬೇರೆ.

ಜನವರಿ ಮೂರನೇ ವಾರ ಇಂಗ್ಲಿಷಿನಲ್ಲಿ ಕಾಗದ ಬಂತು. ನಮ್ಮಲ್ಲಿ ಪಿಯುಸಿ ಓದಿದವಳು ಉಮಾಮಹೇಶ್ವರಿ. ಅವಳೇ ಓದಿ ಹೇಳಿದಳು. ಚಿಕಿತ್ಸೆಯ ಐದೂ ದಿನ ರೋಗಿ ಕೆಲಸದಲ್ಲಿ ಇದ್ದದ್ದು ಗುಂಪಿನ ದಾಖಲೆಯಿಂದಲೇ ಕಾಣುತ್ತದೆ, ಆದ್ದರಿಂದ ಕ್ಲೇಮು ತಿರಸ್ಕೃತ. ಗುಂಪಿನ ಪಾಲಿಸಿಯನ್ನೇ ಏಕೆ ರದ್ದು ಮಾಡಬಾರದು ಎಂಬುದಕ್ಕೆ ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು.

ಸುಂಕಲಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಂದ್ರೆ ನಾನು ಆಸ್ಪತ್ರ್ಯಾಗೆ ಇರ್ಲೇ ಇಲ್ಲೇನ್ರಿ ಅಕ್ಕಾ? ಮತ್ತೆ ನನ್ನ ಹೊಟ್ಯಾಗಿನ ಕಲ್ಲು ಯಾರು ತೆಗೆದ್ರು?"

"ನೀನೇ ಒಲೆ ಮುಂದೆ ಕುಂತು ಇಕ್ಕಳದಾಗೆ ತೆಕ್ಕಂಡಿ" ಎಂದಳು ಖತೀಜಾಬೀ. "ಇನ್ನೂರು ರೊಟ್ಟಿನೂ ಆತು, ಆಪರೇಷನ್ನೂ ಆತು. ದವಾಖಾನಿ ಬಿಲ್ಲು ಉಳೀತು."

ಈ ಸಲ ಯಾರೂ ನಗಲಿಲ್ಲ. ಶಿವಮೂರ್ತಿ ಬಾಗಿಲಲ್ಲಿ ಆಟೋದ ಕೀಲಿ ಹಿಡಿದು ನಿಂತಿದ್ದ.

ಮನೆಯಲ್ಲಿ ನನ್ನ ಯಜಮಾನರು ಬಕ್ಕೇಶಪ್ಪ ಕಾಳಿನ ವ್ಯಾಪಾರದವರು. ಕಷ್ಟ ಬಂದರೆ ಮೊದಲು ಗಲ್ಲಾದ ಕಡೆ ನೋಡುವವರು. "ಎಪ್ಪತ್ತೈದು ಸಾವಿರ ತಾನೇ? ನಾವೇ ಕೊಟ್ಟುಬಿಡಾಣ. ಕಂಪನಿ ಜೊತೆ ಯಾಕೆ ಗುದ್ದಾಟ" ಎಂದರು.

"ಈ ಸಲ ಕೊಡಾಣ್ರಿ. ಮುಂದಿನ ಸಲ?" ಎಂದೆ. "ನಾನು ಕೊಟ್ರೆ ಅದು ನನ್ನ ಉಪಕಾರ ಆಗ್ತೈತಿ. ಕಂಪನಿ ಕೊಟ್ರೆ ಅವಳು ತನ್ನ ಮೂರು ಪೈಸೆ ಕೊಟ್ಟು ತಗಂಡಿದ್ದು ಆಗ್ತೈತಿ. ಎರಡೂ ಒಂದೇ ಏನ್ರಿ?"

ಅವರು ಪಂಚಾಂಗ ತಿರುವುತ್ತ ಕುಳಿತರು. ಒಪ್ಪಿದ ಗುರುತು ಅದು.

ಇಷ್ಟರಲ್ಲಿ ನಾಗಭೂಷಣ್ ಓಡಿ ಬಂದ. ಅವನಿಗೆ ಬೇರೆಯದೇ ಚಿಂತೆ. ದಿಲ್ಲಿಯಲ್ಲಿ ಒಂದು ಮಸೂದೆಯ ಕರಡು ತಯಾರಾಗಿತ್ತು. ಆರೋಗ್ಯ ವಿಮೆ ಬಡವರ ಕೈಗೆ ಎಟಕಬೇಕು. ನಮ್ಮಂಥ ಸಣ್ಣ ಗುಂಪಿಗೂ ಕಂಪನಿಗಳು ಕೊಡಲೇಬೇಕು. ಕಂತಿಗೆ ಒಂದು ಮಿತಿ ಇರಬೇಕು. ಸಕ್ಕರೆ ಕಾಯಿಲೆ ಇದೆ, ಬಿಪಿ ಇದೆ ಎಂದು ಯಾರನ್ನೂ ಹೊರಗಿಡಬಾರದು ಎಂದೆಲ್ಲ ಅದರಲ್ಲಿತ್ತು. ಅದರ ಬಗ್ಗೆ ಜನರ ಅಭಿಪ್ರಾಯ ಕೇಳಲು ಒಂದು ಸಮಿತಿ ಫೆಬ್ರವರಿ ಹನ್ನೆರಡಕ್ಕೆ ಹರಿಹರಕ್ಕೆ ಬರುವುದಿತ್ತು. ಗುಂಪಾಗಿ ವಿಮೆ ಮಾಡಿಸಿ ಗೆದ್ದವರು ಎಂದು ನಾಗಭೂಷಣ್ ತಿಂಗಳ ಹಿಂದೆಯೇ ನನ್ನ ಹೆಸರು ಕೊಟ್ಟಿದ್ದ. ಐದು ನಿಮಿಷದ ಭಾಷಣ. ಕಂಪನಿಯ ವಲಯಾಧಿಕಾರಿಯೂ ವೇದಿಕೆಯ ಮೇಲೆ.

"ಅಕ್ಕಾ, ಏಳು ಪೈಸೆ ಕಥೆ ಹೇಳ್ರಿ, ಚಪ್ಪಾಳೆ ಬೀಳ್ತೈತಿ. ಈ ವಿಷ್ಯ ಮಾತ್ರ ಅಲ್ಲಿ ಎತ್ತಬ್ಯಾಡ್ರಿ" ಎಂದ. "ಒಳಗಿಂದ ನಾನು ಮಾಡಿಸ್ತೀನಿ."

"ಎಷ್ಟು ದಿನದಾಗೆ?"

"ಆರು ತಿಂಗಳು, ಎಂಟು ತಿಂಗಳು..."

"ಶಿವಮೂರ್ತಿ ಗಾಡಿ ಫೆಬ್ರವರಿ ಕೊನೆಗೆ ಹೋಗ್ತೈತಪ್ಪ."

"ಅಕ್ಕಾ, ಒಂದು ಮಾತು ಕೇಳ್ರಿ. ಪುಸ್ತಕ ಸುಳ್ಳು ಅಂತ ನೀವು ಬಾಯಿಬಿಟ್ರಿ ಅಂದ್ರೆ, ಅವರು ಬರೀ ಸುಂಕಲಮ್ಮಂದಲ್ಲ, ಹದಿನೆಂಟೂ ಪಾಲಿಸಿ ಕಿತ್ತುಹಾಕ್ತಾರೆ. ಸುಳ್ಳು ದಾಖಲೆ ಅನ್ನೋಕೆ ನೀವೇ ಸಾಕ್ಷಿ. ನನ್ನ ಏಜೆನ್ಸಿನೂ ಉಳಿಯಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಪುಸ್ತಕ ನಿಜ ಎಂದರೆ ಸುಂಕಲಮ್ಮ ಮೋಸಗಾತಿ. ಪುಸ್ತಕ ಸುಳ್ಳು ಎಂದರೆ ಹದಿನೆಂಟು ಮನೆಯ ವಿಮೆ ಹೋಗಬಹುದು. ಇದನ್ನು ನಾನೊಬ್ಬಳೇ ತೀರ್ಮಾನ ಮಾಡುವುದು ಸರಿಯಲ್ಲ ಎನ್ನಿಸಿತು. ಚಹಾದ ಹೊತ್ತಿಗೆ ಎಲ್ಲರನ್ನೂ ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಸುಂಕಲಮ್ಮ ಮೊದಲೇ ಕೈಮುಗಿದಳು. "ನನ್ನ ಸಲುವಾಗಿ ಎಲ್ಲಾರದ್ದು ಯಾಕ ಕಳಕಂತೀರಿ? ಗಾಡಿ ಹೋದ್ರೆ ಹೋಗ್ಲಿ. ಶಿವು ಬೇರೆಯವರ ಗಾಡಿ ಹೊಡೀತಾನೆ."

ನಾನು ಪುಷ್ಪಲತಾಳ ಮುಖ ನೋಡಿದೆ. ಅವಳ ಮಗಳು ನಯನಾಗೆ ಎರಡು ವರ್ಷದಿಂದ ಕಿವಿ ಸೋರುತ್ತದೆ. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಆಪರೇಷನ್ ಎಂದು ಡಾಕ್ಟರು ದಿನ ಕೊಟ್ಟಿದ್ದರು. ಪಾಲಿಸಿ ಹೋದರೆ ಮೊದಲ ಪೆಟ್ಟು ಅವಳಿಗೆ.

ಪುಷ್ಪಲತಾ ಕೈಗೆ ಮೆತ್ತಿದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆದಳು. "ಅಕ್ಕಾ, ನಂಗೆ ಭಯ ಐತ್ರಿ, ಸುಳ್ಳು ಯಾಕೆ ಹೇಳ್ಲಿ" ಎಂದಳು. "ಆದ್ರೆ ನಯನಾ ಆಪರೇಷನ್ ಹೊತ್ತಿಗೆ ನಾನು ಐದು ದಿನ ರಜಾ ಹಾಕ್ತೀನಿ. ನೀವೆಲ್ಲ ನನ್ನ ಪಾಲು ತಟ್ತೀರಿ. ಪುಸ್ತಕದಾಗೆ ಇನ್ನೂರು ಅಂತ ಬರೀತೀರಿ. ಅವಾಗ ನನಗೂ ಇದೇ ಕಾಗದ ಬರ್ತೈತಲ್ರಿ?"

ಅದು ಯಾರಿಗೂ ಹೊಳೆದಿರಲಿಲ್ಲ, ನನಗೂ.

"ಹಂಗಾದ್ರೆ ಇದು ವಿಮೆ ಅಲ್ಲ ಬಿಡ್ರಿ, ಗೋಡೆ ಮ್ಯಾಗಿನ ಕ್ಯಾಲೆಂಡರು" ಎಂದು ಖತೀಜಾಬೀ ಎದ್ದಳು. "ಅಕ್ಕಾ, ಹಳೆ ಪುಸ್ತಕ ಎಲ್ಲಾ ಇಳಿಸ್ರಿ. ಸುಳ್ಳು ಅಂತ ಹೇಳಬೇಕಾದ್ರೆ ಚೆನ್ನಾಗೇ ಹೇಳಾಣ."

ಹನ್ನೆರಡನೇ ತಾರೀಖು ಮುಂಜಾನೆ ಬೇಗ ಒಲೆ ಹಚ್ಚಿ ಒಂಬತ್ತಕ್ಕೆ ಕೆಲಸ ಮುಗಿಸಿದೆವು. ಹರಿಹರಕ್ಕೆ ಸರ್ಕಾರಿ ಬಸ್ಸು. ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಕಂಡಕ್ಟರು ಹತ್ತೊಂಬತ್ತು ಸೊನ್ನೆ ಟಿಕೆಟ್ ಹರಿದು ಕೊಟ್ಟು, "ಏನ್ರವ್ವಾ, ದಿಬ್ಬಣಾ?" ಎಂದ. "ಹೂಂನಪ್ಪ, ಮದುಮಗನ್ನ ನೋಡಾಕೆ ಹೊಂಟೀವಿ. ಸೂಟು ಹಾಕ್ಕಂಡು ಸ್ಟೇಜಿನ ಮ್ಯಾಲೆ ಕುಂತಿರ್ತಾನೆ" ಎಂದಳು ಖತೀಜಾಬೀ. ಇದೇ ಬುದ್ಧಿ ಅಲ್ಲಿ ಉಪಯೋಗಕ್ಕೆ ಬಂದೀತು ಎಂದುಕೊಂಡೆ.

ಕಲ್ಯಾಣ ಮಂಟಪದಲ್ಲಿ ಇನ್ನೂರು ಜನ ಇದ್ದರು. ಸಮಿತಿಯ ಅಧ್ಯಕ್ಷರು ನಿವೃತ್ತ ಅಧಿಕಾರಿ, ಅರವತ್ತು ದಾಟಿದ ಹೆಂಗಸು, ಕನ್ನಡದವರೇ. ಪಕ್ಕದಲ್ಲಿ ಕಂಪನಿಯ ವಲಯಾಧಿಕಾರಿ. ಅವರ ಹಿಂದಿನ ಕುರ್ಚಿಯಲ್ಲಿ ನಮ್ಮ ರೊಟ್ಟಿ ತಿಂದು ಹೋದ ಸ್ವಾತಿ. ನನ್ನನ್ನು ನೋಡಿ ಅವಳು ಕಣ್ಣು ಕೆಳಗೆ ಮಾಡಿದಳು.

ನನ್ನ ಸರದಿ ಬಂದಾಗ ಮೊದಲು ಏಳು ಪೈಸೆಯ ಲೆಕ್ಕ ಹೇಳಿದೆ. ನಾಗಭೂಷಣ್ ಹೇಳಿದ ಹಾಗೆ ಚಪ್ಪಾಳೆ ಬಿತ್ತು. ವಲಯಾಧಿಕಾರಿ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಆಮೇಲೆ ಇಂಗ್ಲಿಷ್ ಕಾಗದ ತೆಗೆದು, ಏಳು ಪೈಸೆಗೆ ಬಂದದ್ದು ಇದು ಎಂದೆ. ಸುಂಕಲಮ್ಮನನ್ನು ಎದ್ದು ನಿಲ್ಲಿಸಿ ನಡೆದದ್ದನ್ನು ಹೇಳಿದೆ.

ವಲಯಾಧಿಕಾರಿ ಮೈಕು ತೆಗೆದುಕೊಂಡರು. ಸಿಟ್ಟಾಗಲಿಲ್ಲ, ತಿಳಿಹೇಳುವ ದನಿ. "ಅಮ್ಮಾ, ಪುಸ್ತಕ ನಿಮ್ಮದು, ಬರೆದದ್ದು ನೀವು. ಆಸ್ಪತ್ರೆಯಲ್ಲಿದ್ದವರು ಅದೇ ದಿನ ಇನ್ನೂರು ರೊಟ್ಟಿ ಮಾಡೋಕೆ ಆಗುತ್ತಾ? ಒಂದೋ ಪುಸ್ತಕ ಸುಳ್ಳು, ಇಲ್ಲ ರೋಗಿ ಸುಳ್ಳು. ನೀವೇ ಹೇಳಿ."

"ಪುಸ್ತಕ ಸುಳ್ಳು ಸಾಹೇಬ್ರೆ" ಎಂದೆ.

ನಾಗಭೂಷಣ್ ತಲೆ ಹಿಡಿದುಕೊಂಡದ್ದು ಕಂಡಿತು.

ನಾನು ಹಳೆಯ ಪುಸ್ತಕ ಬಿಚ್ಚಿದೆ. "2023, ಮೇ ಇಪ್ಪತ್ತೊಂದು, ಭಾನುವಾರ. ಉಮಾಮಹೇಶ್ವರಿ, ಇನ್ನೂರು ರೊಟ್ಟಿ." ಎರಡನೇ ಸಾಲಿನಲ್ಲಿದ್ದ ಉಮಾಮಹೇಶ್ವರಿ ಎದ್ದು ಬಂದು ಅರಿಶಿನ ಅಂಚಿನ ಲಗ್ನಪತ್ರಿಕೆಯನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟಳು. ಅವತ್ತೇ ಅವಳ ಮದುವೆ, ಕುಕ್ಕುವಾಡದಲ್ಲಿ.

ಅಧ್ಯಕ್ಷರು ಕನ್ನಡಕ ಏರಿಸಿ ತಾರೀಖು ನೋಡಿದರು, ಪುಸ್ತಕ ನೋಡಿದರು. "ಏನಮ್ಮಾ, ಮದುವೆ ದಿನ ಇನ್ನೂರು ರೊಟ್ಟಿ ತಟ್ಟಿದ್ಯಾ?"

"ಇಲ್ರಿ ಮೇಡಂ" ಎಂದಳು ಉಮಾಮಹೇಶ್ವರಿ. "ಅವತ್ತು ತಾಳಿ ಕಟ್ಟಿಸ್ಕಳಾದ್ರಾಗೇ ಸಾಕಾಗಿತ್ತು."

ಸಭೆಯೆಲ್ಲ ನಕ್ಕಿತು. ಕುಳಿತಲ್ಲಿಂದಲೇ ಖತೀಜಾಬೀ, "ಆ ಮದುವ್ಯಾಗೆ ನಮ್ಮ ರೊಟ್ಟಿನೇ ಬಡಿಸಿದ್ರು ಸಾಬ್! ಮದುಮಗಳೇ ತಟ್ಟಿದ್ರೆ ಅಷ್ಟು ತೆಳ್ಳಗೆ ಇರ್ತಿರ್ಲಿಲ್ಲ!" ಎಂದು ಕೂಗಿದಳು.

ಇನ್ನೊಂದು ಪುಸ್ತಕ. ಪುಷ್ಪಲತಾ, ಇನ್ನೂರು ರೊಟ್ಟಿ. ಅದೇ ತಾರೀಖಿನ ಜನನ ಪ್ರಮಾಣಪತ್ರ, ಸರ್ಕಾರಿ ಆಸ್ಪತ್ರೆಯದು, ಅವಳ ಎರಡನೇ ಮಗುವಿನದು. ಖತೀಜಾಬೀ, ಇನ್ನೂರು ರೊಟ್ಟಿ. ಆ ದಿನ ಅವಳ ಗಂಡನನ್ನು ಮಣ್ಣು ಮಾಡಿದ್ದರು.

ವಲಯಾಧಿಕಾರಿ ನಿಧಾನಕ್ಕೆ ಎದ್ದರು. "ಅಂದರೆ ಹನ್ನೊಂದು ವರ್ಷ ಸುಳ್ಳು ದಾಖಲೆ ಇಟ್ಟಿದ್ದೀವಿ ಅಂತ ಸಭೆಯ ಮುಂದೆ ಒಪ್ಪಿದ ಹಾಗಾಯ್ತು. ಇಂಥ ಗುಂಪಿಗೆ ಪಾಲಿಸಿ ಮುಂದುವರಿಸೋದು..."

"ಸಾಹೇಬ್ರೆ, ಒಂದು ನಿಮಿಷ" ಎಂದೆ. "ಯಾರು ತಟ್ಟಿದ್ರು ಅನ್ನೋದು ಸುಳ್ಳು. ರೊಟ್ಟಿ ಸುಳ್ಳಲ್ಲ. ದಿನಾ ಮೂರು ಸಾವಿರದ ಆರ್ನೂರು ಹೋಗ್ಯಾವೆ, ಹಾಸ್ಟೆಲ್ಲಿನ ಹುಡುಗ್ರು ತಿಂದಾರೆ, ರಸೀದಿ ಅದಾವೆ. ಕೂಲಿನೂ ಸುಳ್ಳಲ್ಲ, ಬ್ಯಾಂಕಿನಾಗೆ ಐತೆ. ಇದು ಯಾರು ಬಂದಿದ್ರು ಅಂತ ಬರೆಯೋ ಪುಸ್ತಕ ಅಲ್ರಿ, ಯಾರ ಮನೆಗೆ ಎಷ್ಟು ಹೋಗಬೇಕು ಅಂತ ಬರೆಯೋದು. ನಿಮ್ಮ ಹುಡುಗಿ ಕೆಲಸದ ದಾಖಲೆ ಕೇಳಿದ್ಲು, ನಾನು ಇದನ್ನ ತೋರ್ಸಿ ಜಂಬ ಕೊಚ್ಚಿದೆ. ತಪ್ಪು ನಂದು. ಅದಕ್ಕೆ ದಂಡ ಹಾಕೋದಾದ್ರೆ ನನಗೆ ಹಾಕ್ರಿ. ಸುಂಕಲಮ್ಮಂಗೆ ಯಾಕ?"

ಸುಂಕಲಮ್ಮ ಅಷ್ಟು ಹೊತ್ತು ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಏನನ್ನಿಸಿತೋ, ಮುಂದೆ ಬಂದಳು. "ಸಾಹೇಬ್ರೆ, ಹೊಟ್ಟೆ ಮ್ಯಾಗೆ ನಾಲ್ಕು ತೂತು ಅದಾವ್ರಿ. ಹೆಣ್ಮಕ್ಕಳು ಯಾರನ್ನಾದ್ರೂ ಕಳಸ್ರಿ, ಒಳಗ್ಹೋಗಿ ಎಣಿಸ್ಕಂಡು ಬರ್ಲಿ. ರೊಟ್ಟಿ ಎಣಿಸಿದ್ರಲ್ಲಾ, ಹಂಗೇ."

ಅಧ್ಯಕ್ಷರು ಮೈಕು ಹತ್ತಿರ ಎಳೆದುಕೊಂಡರು. "ಇವರನ್ನ ಯಾರಾದ್ರೂ ಮೊದಲು ಕೇಳಿದ್ರಾ?"

ವಲಯಾಧಿಕಾರಿ ಹಿಂದೆ ತಿರುಗಿದರು. ಸ್ವಾತಿ ಎದ್ದು ನಿಂತಳು. "ಇಲ್ಲ ಮೇಡಂ. ಫಾರಂನಲ್ಲಿ ಆ ಕಾಲಂ ಇರ್ಲಿಲ್ಲ. ಆಸ್ಪತ್ರೆಗೆ ಹೋಗಿದ್ದೆ. ದಾಖಲಾಗಿದ್ದು ನಿಜ, ಆಪರೇಷನ್ ಆಗಿದ್ದು ನಿಜ ಅಂತ ಬರೆದುಕೊಟ್ಟಿದ್ದೀನಿ. ಅದು ಎರಡನೇ ಪುಟದಲ್ಲಿದೆ."

"ಎರಡನೇ ಪುಟ ನೋಡಿದ್ರಾ?" ಎಂದು ಅಧ್ಯಕ್ಷರು ಕೇಳಿದರು.

ವಲಯಾಧಿಕಾರಿ ನೀರು ಕುಡಿದರು.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನಿರ್ಮಲಮ್ಮ, ನಾನು ಕ್ಲೇಮು ಕೊಡಿಸೋಕೆ ಬಂದವಳಲ್ಲ. ನನಗೆ ಆ ಅಧಿಕಾರ ಇಲ್ಲ. ಈ ಕರಡಿನಲ್ಲಿ ವಿಮೆ ಅಗ್ಗ ಮಾಡೋದು ಹೇಗೆ ಅಂತ ನಲವತ್ತು ಪುಟ ಇದೆ. ನಿಮಗೆ ಆದದ್ದಕ್ಕೆ ಒಂದು ಸಾಲೂ ಇಲ್ಲ. ನೀವಾಗಿದ್ರೆ ಏನು ಬರೀತಿದ್ರಿ?"

ನಾನು ಇದಕ್ಕೆ ತಯಾರಾಗಿ ಬಂದಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. "ಕೊಡಲ್ಲ ಅನ್ನೋಕೆ ಮುಂಚೆ ಆ ಮನುಷ್ಯರನ್ನ ಎದುರಿಗೆ ಕೂರಿಸ್ರಿ. ಅವರ ಭಾಷ್ಯಾಗೆ, ಅವರ ತಾಲೂಕಿನಾಗೆ, ಒಂದು ಸಲ ಕೇಳ್ರಿ. ಕೇಳಿದ ಮ್ಯಾಲೆ ಬೇಕಾದ್ರೆ ಇಲ್ಲ ಅನ್ರಿ. ಅಗ್ಗ ಆದ್ರೆ ಸಾಲದು ಮೇಡಂ. ಅಗ್ಗ ಅಂತ ತಗಂಡು ಬೇಕಾದಾಗ ಸಿಗ್ಲಿಲ್ಲ ಅಂದ್ರೆ ಏಳು ಪೈಸೆನೂ ದುಬಾರಿನೇ."

ಅವರು ಅದನ್ನು ತಮ್ಮ ಕೈಯಾರೆ ಬರೆದುಕೊಂಡರು. ಆಮೇಲೆ ವಲಯಾಧಿಕಾರಿಗೆ, ಈ ಕ್ಲೇಮನ್ನು ಯಾವ ತಾರೀಖಿನೊಳಗೆ ಮತ್ತೆ ನೋಡುತ್ತೀರಿ, ಹೇಳಿ, ನಡಾವಳಿಯಲ್ಲಿ ದಾಖಲಾಗಲಿ ಎಂದರು. ಇನ್ನೂರು ಜನ ನೋಡುತ್ತಿದ್ದರು. "ಹದಿನೈದು ದಿನ" ಎಂದರು ಅವರು.

ಹೊರಗೆ ಬಂದಾಗ ನಾಗಭೂಷಣ್ ಸ್ಕೂಟರಿನ ಹತ್ತಿರ ನಿಂತಿದ್ದ. "ಗೆದ್ರಿ ಬಿಡ್ರಿ ಅಕ್ಕಾ" ಎಂದ. ಕಹಿಯಾಗೇನೂ ಹೇಳಲಿಲ್ಲ. "ನನ್ನ ಏಜೆನ್ಸಿ ಕಥೆ ಮಾತ್ರ ಮುಗೀತು." ಹಾಗೇನೂ ಆಗದು ಎಂದು ನಾನು ಧೈರ್ಯ ಹೇಳಿದೆ. ಹೇಳುವಾಗ ನನಗೇ ಅಷ್ಟು ಧೈರ್ಯವಿರಲಿಲ್ಲ.

ಇಪ್ಪತ್ತಾರನೇ ತಾರೀಖು ಸುಂಕಲಮ್ಮನ ಖಾತೆಗೆ ಅರವತ್ತೆಂಟು ಸಾವಿರದ ಒಂಬೈನೂರು ಬಂತು. ಕೈಗವಸು, ಹತ್ತಿ, ಊಟದ್ದೆಂದು ಐದು ಸಾವಿರದ ಏಳುನೂರು ಹಿಡಿದಿದ್ದರು. ಶಿವಮೂರ್ತಿ ಅವತ್ತೇ ಹರಿಹರಕ್ಕೆ ಹೋಗಿ ಮುಂಗಡ ವಾಪಸು ಮಾಡಿದ. ಕಡಿಮೆ ಬಿದ್ದದ್ದನ್ನು ಮಾರ್ಚಿನಲ್ಲಿ ಕೊಡು ಎಂದು ಅತೀಕ್ ಚಹಾ ಕುಡಿಸಿ ಕಳಿಸಿದನಂತೆ. ಹದಿನೆಂಟು ಪಾಲಿಸಿಯನ್ನು ಮುಂದುವರಿಸಿದರು, ಆದರೆ ಒಂದು ಕರಾರು ಹಾಕಿದರು: ಇನ್ನು ಮೇಲೆ ದಿನಾ ಬಂದವರು ಯಾರು, ಬರದವರು ಯಾರು ಎಂಬ ಹಾಜರಿ ಪುಸ್ತಕ ಬೇರೆ ಇಡಬೇಕು.

ನ್ಯಾಯವಾದ ಕರಾರೇ. ಒಪ್ಪಿದೆವು. ಏಪ್ರಿಲ್‌ನಲ್ಲಿ ನಯನಾಗೆ ಆಪರೇಷನ್ ಆಯಿತು. ಪುಷ್ಪಲತಾ ಐದು ದಿನ ಗೈರು ಎಂದು ಬರೆದೆ. ಅವಳ ಕೂಲಿ ಹೇಗೆ ಬಂತು ಎಂದು ನಾಳೆ ಯಾರಾದರೂ ಕೇಳಿದರೆ ಎಂದು, ಅತಿ ಬುದ್ಧಿವಂತಿಕೆಯಿಂದ, ಯಾರು ಎಷ್ಟು ಹೆಚ್ಚು ತಟ್ಟಿದರು ಎಂಬುದನ್ನೂ ಹೆಸರು ಹೆಸರಿಗೆ ಬರೆದೆ. ಹನ್ನೆರಡು, ಹನ್ನೆರಡು, ಹದಿನೇಳು, ಹನ್ನೆರಡು. ಉಮಾಮಹೇಶ್ವರಿಯ ಮುಂದೆ ಏಳು. ಅವಳ ಮಣಿಕಟ್ಟು ಎರಡು ತಿಂಗಳಿಂದ ನೋಯುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಕಡಿಮೆ ಬಿದ್ದದ್ದನ್ನು ಪಕ್ಕದ ಒಲೆಯವರು ಸುಮ್ಮನೆ ತುಂಬುತ್ತಿದ್ದರು. ಪುಸ್ತಕ ಎಲ್ಲರ ಕಣ್ಣಿಗೆ ಬಿತ್ತು. ಯಾರೋ ಏನೋ ಅಂದರು. ಉಮಾಮಹೇಶ್ವರಿ ಅತ್ತಳು. ಮೂರನೇ ದಿನ ಖತೀಜಾಬೀ ಬಂದು, "ಅಕ್ಕಾ, ಹಾಜರಿ ಬರೀರಿ, ಬ್ಯಾಡ ಅನ್ನಲ್ಲ. ಪಾಲು ಬರೀಬ್ಯಾಡ್ರಿ. ಒಟ್ಟು ಇನ್ನೂರ ನಾಲ್ಕು ಅಂತ ಒಂದೇ ಸಾಲು ಹಾಕ್ರಿ ಸಾಕು" ಎಂದಳು. ಈಗ ಹಾಗೇ ಬರೆಯುತ್ತೇನೆ. ಆದರೂ ಉಮಾಮಹೇಶ್ವರಿ ಚಹಾದ ಹೊತ್ತಿಗೆ ಎಲ್ಲರ ಜೊತೆ ಕೂರುವುದಿಲ್ಲ. ತನ್ನ ಒಲೆಯ ಹತ್ತಿರವೇ ಕುಡಿಯುತ್ತಾಳೆ.

ಮಸೂದೆ ಇನ್ನೂ ದಿಲ್ಲಿಯಲ್ಲೇ ಇದೆ. ಸಮಿತಿಯ ವರದಿ ಅಂಚೆಯಲ್ಲಿ ಬಂತು. ನಾವು ಹೇಳಿದ ಮಾತು ಮೂವತ್ತೊಂದನೇ ಪುಟದಲ್ಲಿ, ನಮ್ಮ ಹೆಸರಿಲ್ಲದೆ, ಶಿಫಾರಸು ಎಂದು ಅಚ್ಚಾಗಿದೆ. ಕಾನೂನು ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆಗುವವರೆಗೆ ಸುಮ್ಮನೆ ಕೂರುವ ಅಗತ್ಯ ಇಲ್ಲ ಎಂಬುದು ಗೊತ್ತಾಗಿದೆ. ನವೀಕರಣದ ಹೊತ್ತಿಗೆ ಕಂಪನಿ ಕಂತನ್ನು ನಾಲ್ಕು ಸಾವಿರದ ಎಂಟುನೂರಕ್ಕೆ ಏರಿಸಿತು. ರೊಟ್ಟಿಗೆ ಎಂಟು ಪೈಸೆ. ಹೆಚ್ಚಿನ ಒಂದು ಪೈಸೆ ನಾನು ಹಾಕಿದೆ.

ಸುಂಕಲಮ್ಮನ ಮನೆಗೆ ಆಟೋ ಉಳಿಯಿತು. ನಯನಾಳ ಕಿವಿ ಸೋರುವುದು ನಿಂತಿತು, ಆ ಖರ್ಚಿನಲ್ಲಿ ಮುಕ್ಕಾಲು ಪಾಲು ಕಂಪನಿ ಕೊಟ್ಟಿತು. ನಾಗಭೂಷಣನ ಏಜೆನ್ಸಿಯನ್ನು ಮೇ ತಿಂಗಳಲ್ಲಿ ಆ ಕಂಪನಿ ತೆಗೆದುಹಾಕಿತು. ಮಂಡಕ್ಕಿ ಭಟ್ಟಿಯವರು, ಇನ್ನಿಬ್ಬರು ರೊಟ್ಟಿ ಮಾಡಿಸುವವರು, ಹೀಗೆ ನನಗೆ ಗೊತ್ತಿದ್ದ ನಾಲ್ಕು ಕಡೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದೆ. ಈಗ ಬೇರೆ ಕಂಪನಿಯ ಪಾಲಿಸಿ ಮಾಡುತ್ತಾನೆ. ಆದರೆ ವರ್ಷಕ್ಕೆ ಒಂದೂವರೆ ಲಕ್ಷ ಬರುತ್ತಿದ್ದ ಕಮಿಷನ್ನು ಅರವತ್ತು ಸಾವಿರಕ್ಕೆ ಇಳಿದಿದೆ. ಅದು ನಾನು ಹರಿಹರದಲ್ಲಿ ಆಡಿದ ಮಾತಿನಿಂದ ಹೋದದ್ದು.